ಮಡಕೆ ಮರೆಯದ ಊಟ

ಮಣ್ಣಿನ ಪಾತ್ರೆಯಲ್ಲಿ ಅಡುಗೆ ಮಾಡುತ್ತಿದ್ದ ಮನೆಗಳಲ್ಲಿ ಕೆಲವು ಕಟ್ಟುನಿಟ್ಟುಗಳು ಇರುತ್ತಿದ್ದವು. ಮೊಸರಿನ ಕುಡಿಕೆಯಲ್ಲಿ ಹಾಲು ಕಾಯಿಸುವಂತಿಲ್ಲ. ಎಷ್ಟು ತೊಳೆದಿದ್ದರೂ ಹಾಲು ಒಡೆಯುತ್ತದೆ. ಕರಾವಳಿಯಲ್ಲಿ ಮೀನಿನ ಸಾರಿಗೆ ಬೇರೆಯೇ ಮಡಕೆ. ಅದರಲ್ಲಿ ಪಾಯಸ ಮಾಡುವ ಮಾತೇ ಇಲ್ಲ. ಹೊಸ ಮಡಕೆಯಾದರೆ ಒಲೆಗೇರಿಸುವ ಮುನ್ನ ಗಂಜಿಯ ತಿಳಿಯಲ್ಲಿ ಕುದಿಸಿ ಪಳಗಿಸಬೇಕು. ಇವುಗಳಲ್ಲಿ ಮಡಿ ಮೈಲಿಗೆಯ ಪಾಲು ಸ್ವಲ್ಪ ಇದ್ದೀತು. ಆದರೆ ಹೆಚ್ಚಿನದು ಅನುಭವದ ಪಾಲು. ಮಣ್ಣಿನ ಪಾತ್ರೆ ತನ್ನಲ್ಲಿ ಬೆಂದದ್ದನ್ನು ಒಂದಿಷ್ಟು ತಾನೂ ಕುಡಿಯುತ್ತದೆ, ಕುಡಿದದ್ದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂಬುದು ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು.

ಇದಕ್ಕೆ ಕಾರಣ ಸರಳ. ಮೆರುಗು ಹಚ್ಚದ ಸುಟ್ಟ ಮಣ್ಣು ಹೊರನೋಟಕ್ಕೆ ಗಟ್ಟಿಯಾಗಿ ಕಂಡರೂ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿಂದ ತುಂಬಿರುತ್ತದೆ. ಬೇಸಿಗೆಯಲ್ಲಿ ಮಡಕೆಯ ನೀರು ತಣ್ಣಗಿರುವುದು ಈ ರಂಧ್ರಗಳ ಮೂಲಕ ನೀರು ಜಿನುಗಿ ಆವಿಯಾಗುವುದರಿಂದಲೇ. ಅಡುಗೆಯ ಮಡಕೆಯಲ್ಲಿ ಅದೇ ರಂಧ್ರಗಳೊಳಗೆ ಹಾಲಿನ ಕೆನೆ, ಮಾಂಸದ ಕೊಬ್ಬು, ಎಣ್ಣೆ, ಮೇಣ ಎಲ್ಲವೂ ಇಳಿಯುತ್ತವೆ. ಒಂದು ಸಲವಲ್ಲ, ಮಡಕೆ ಬಾಳುವಷ್ಟು ದಿನವೂ ಇಳಿಯುತ್ತವೆ. ಕೊನೆಗೆ ಮಡಕೆ ಒಡೆದು ತಿಪ್ಪೆ ಸೇರುತ್ತದೆ, ತಿಪ್ಪೆಯ ಮೇಲೆ ಮಣ್ಣು ಬೀಳುತ್ತದೆ, ಊರು ಹಾಳಾಗುತ್ತದೆ. ರಂಧ್ರದೊಳಗಿನ ಜಿಡ್ಡು ಮಾತ್ರ ಅಲ್ಲೇ ಉಳಿಯುತ್ತದೆ. ನೂರಾರು ವರ್ಷವಲ್ಲ, ಎಂಟು ಹತ್ತು ಸಾವಿರ ವರ್ಷ!

ಅಡುಗೆಮನೆಯಲ್ಲಿ ತೊಂದರೆ ಎನಿಸಿದ ಈ ಗುಣವೇ ಪುರಾತತ್ವಜ್ಞರಿಗೆ ವರವಾಗಿದೆ. ಹಳೆಯ ಮಡಕೆಯ ಚೂರನ್ನು ಪ್ರಯೋಗಾಲಯಕ್ಕೆ ಒಯ್ದು, ಅದರೊಳಗೆ ಅಡಗಿರುವ ಜಿಡ್ಡನ್ನು ಹೊರತೆಗೆದು, ಇದರಲ್ಲಿ ಹಾಲು ಕಾಯಿಸಿದ್ದರು, ಇದರಲ್ಲಿ ಸೊಪ್ಪು ಬೇಯಿಸಿದ್ದರು, ಇದನ್ನು ಸತ್ತವರಿಗೆ ಎಡೆಯಿಡಲು ಬಳಸಿದ್ದರು ಎಂದು ಹೇಳುವ ವಿದ್ಯೆಯೊಂದು ಕಳೆದ ಐವತ್ತು ವರ್ಷಗಳಲ್ಲಿ ಬೆಳೆದಿದೆ.

ಬರಹದಲ್ಲಿ ಇಲ್ಲದ್ದು

ಹಿಂದಿನವರ ಊಟ ತಿಳಿಯಲು ಮಡಕೆಯೇ ಏಕೆ ಬೇಕು, ಬರಹಗಳಿಲ್ಲವೇ ಎಂದು ಕೇಳಬಹುದು. ಬರಹಗಳು ಇವೆ. ನಮ್ಮ ಶಾಸನಗಳಲ್ಲಿ ದೇವರ ನೈವೇದ್ಯಕ್ಕೆ ಬಿಟ್ಟ ಅಕ್ಕಿಯ ಲೆಕ್ಕವಿದೆ, ನಂದಾದೀಪಕ್ಕೆ ಬಿಟ್ಟ ಎಣ್ಣೆಯ ಲೆಕ್ಕವಿದೆ. ಆದರೆ ಆ ಶಾಸನವನ್ನು ಕಂಡರಿಸಿದ ಕಲ್ಲುಕುಟಿಗ ಅಂದು ರಾತ್ರಿ ಮನೆಯಲ್ಲಿ ಏನು ಉಂಡ ಎಂಬುದು ಅದರಲ್ಲಿಲ್ಲ. ಬರೆಯುವವರು ಬರೆಯಲು ತಕ್ಕದ್ದೆಂದು ತೋರಿದ್ದನ್ನು ಬರೆದರು. ದಿನದ ಊಟ ಯಾರಿಗೂ ಬರೆಯಲು ತಕ್ಕದ್ದೆಂದು ತೋರಲಿಲ್ಲ. ಬರಹ ಹುಟ್ಟುವುದಕ್ಕೆ ಮೊದಲಿನ ಸಾವಿರಾರು ವರ್ಷಗಳಿಗಂತೂ ಆ ಆಸರೆಯೂ ಇಲ್ಲ.

ಉಳಿದದ್ದು ನೆಲದಲ್ಲಿ ಸಿಗುವ ವಸ್ತುಗಳು. ಕರಿದುಹೋದ ಕಾಳುಗಳು ಬೆಳೆಯನ್ನು ತೋರಿಸುತ್ತವೆ. ಎಲುಬುಗಳು ಸಾಕಿದ, ಕೊಂದ ಪ್ರಾಣಿಗಳನ್ನು ತೋರಿಸುತ್ತವೆ. ಆದರೆ ಹಾಲಿಗೆ ಎಲುಬಿಲ್ಲ. ಜೇನಿಗೆ, ಎಣ್ಣೆಗೆ, ಹೆಂಡಕ್ಕೆ, ಸೊಪ್ಪಿಗೆ ಎಲುಬಿಲ್ಲ. ದನದ ಎಲುಬು ಸಿಕ್ಕಿತೆಂದರೆ ದನ ಇತ್ತೆಂದು ಗೊತ್ತಾಯಿತು. ಅದನ್ನು ಹಾಲಿಗೆ ಸಾಕಿದ್ದರೋ, ನೇಗಿಲಿಗೆ ಕಟ್ಟಿದ್ದರೋ, ತಿನ್ನುತ್ತಿದ್ದರೋ ಎಂಬುದು ಎಲುಬಿನಿಂದಲೇ ಪೂರ್ತಿ ಬಗೆಹರಿಯುವುದಿಲ್ಲ.

ಇನ್ನು ಮಡಕೆ. ಅಗೆತಗಳಲ್ಲಿ ಬುಟ್ಟಿಗಟ್ಟಲೆ ಸಿಗುವುದು ಮಡಕೆಯ ಚೂರುಗಳೇ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆತ ನಡೆಸಿ, ಒಂದರ ಮೇಲೊಂದಾಗಿ ಮೂರು ಸಂಸ್ಕೃತಿಗಳ ಪದರಗಳನ್ನು ಗುರುತಿಸಿದಾಗ ಅವರ ಮುಖ್ಯ ಆಧಾರಗಳಲ್ಲಿ ಒಂದು ಈ ಚೂರುಗಳು. ಮಡಕೆಯ ಬಣ್ಣ, ಆಕಾರ, ಕಂಠದ ತಿರುವು ಇವು ಕಾಲಕಾಲಕ್ಕೆ ಬದಲಾಗುವುದರಿಂದ ಚೂರುಗಳು ಪಂಚಾಂಗದಂತೆ ಉಪಯೋಗಕ್ಕೆ ಬಂದವು. ಹೀಗೆ ದಶಕಗಳ ಕಾಲ ವಿದ್ವಾಂಸರು ಮಡಕೆಯ ಹೊರಮೈಯನ್ನು ಓದಿದರು. ಒಳಮೈಯಲ್ಲಿ ಏನಿದೆ ಎಂದು ನೋಡುವ ಉಪಕರಣ ಆಗ ಅವರ ಕೈಯಲ್ಲಿ ಇರಲಿಲ್ಲ.

ಜಿಡ್ಡಿನ ಸಾಕ್ಷ್ಯ

ಆಹಾರದ ಬೇರೆ ಅಂಶಗಳು ಬೇಗ ಅಳಿಯುತ್ತವೆ. ಸಕ್ಕರೆ ನೀರಿನಲ್ಲಿ ಕರಗಿ ಹೋಗುತ್ತದೆ, ಪ್ರೋಟೀನನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ಕೊಬ್ಬು ನೀರಿನಲ್ಲಿ ಕರಗದು. ಮಣ್ಣಿನ ರಂಧ್ರದೊಳಗೆ ಸೇರಿಕೊಂಡರೆ ಸೂಕ್ಷ್ಮಜೀವಿಗಳಿಂದಲೂ ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಈ ವಿದ್ಯೆಯ ಮೊದಲ ಸಾಕ್ಷಿ ಕೊಬ್ಬು. 1976ರಲ್ಲೇ ಫ್ರೆಂಚ್ ಸಂಶೋಧಕರು ಮೆಡಿಟರೇನಿಯನ್ ಕಡೆಯ ಹಳೆಯ ಜಾಡಿಗಳ ಗೋಡೆಯಲ್ಲಿ ಎಣ್ಣೆಯ ಗುರುತು ಪತ್ತೆ ಹಚ್ಚಿದ್ದರು. 1990ರ ದಶಕದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ರಿಚರ್ಡ್ ಎವರ್‌ಷೆಡ್ ಮತ್ತು ಸಂಗಡಿಗರು ಇದನ್ನೊಂದು ಕ್ರಮಬದ್ಧ ಶಾಸ್ತ್ರವಾಗಿ ಬೆಳೆಸಿದರು.

ಕೆಲಸ ಹೀಗೆ ನಡೆಯುತ್ತದೆ. ಚೂರಿನ ಹೊರಪದರವನ್ನು ಮೊದಲು ಕೆರೆದು ತೆಗೆಯುತ್ತಾರೆ; ಅಗೆದವರ ಕೈಯ ಜಿಡ್ಡು, ಸುತ್ತಲಿನ ಮಣ್ಣಿನ ಅಂಶ ಅಲ್ಲಿ ಅಂಟಿರುತ್ತದೆ. ಬಳಿಕ ಒಂದೆರಡು ಗ್ರಾಂನಷ್ಟು ಮಣ್ಣನ್ನು ಪುಡಿ ಮಾಡಿ, ಕೊಬ್ಬನ್ನು ಕರಗಿಸುವ ದ್ರಾವಕದಲ್ಲಿ ನೆನೆಸುತ್ತಾರೆ. ದ್ರಾವಕಕ್ಕೆ ಇಳಿದು ಬಂದ ಮಿಶ್ರಣವನ್ನು ಬಿಸಿ ಮಾಡಿ ಆವಿಯಾಗಿಸಿ, ಹತ್ತಾರು ಮೀಟರ್ ಉದ್ದದ ಕೂದಲಿನಂಥ ಕೊಳವೆಯೊಳಗೆ ಹಾಯಿಸುತ್ತಾರೆ. ಇದೇ ಗ್ಯಾಸ್ ಕ್ರೊಮಟೊಗ್ರಫಿ. ಮೊರದಲ್ಲಿ ಕೇರಿದಾಗ ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ ಬೇರೆಯಾಗುವಂತೆ, ಕೊಳವೆಯಲ್ಲಿ ಹಗುರ ಅಣುಗಳು ಮುಂದಾಗಿ, ಭಾರದವು ಹಿಂದಾಗಿ ಒಂದೊಂದೇ ಹೊರಬರುತ್ತವೆ. ಹೊರಬಂದ ಪ್ರತಿಯೊಂದನ್ನೂ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣ ಒಡೆದು, ತುಣುಕುಗಳನ್ನು ತೂಗಿ, ಅದು ಯಾವ ವಸ್ತು ಎಂದು ಹೇಳುತ್ತದೆ.

1991ರಲ್ಲಿ ಎವರ್‌ಷೆಡ್ ತಂಡ ಪ್ರಕಟಿಸಿದ ಒಂದು ಫಲಿತಾಂಶ ಈ ವಿಧಾನದ ಸೂಕ್ಷ್ಮತೆಗೆ ಒಳ್ಳೆಯ ಉದಾಹರಣೆ. ಇಂಗ್ಲೆಂಡಿನ ನಾರ್ತಾಂಪ್ಟನ್‌ಷೈರಿನ ರೌಂಡ್ಸ್ ಎಂಬಲ್ಲಿ ಸಿಕ್ಕ ಮಧ್ಯಯುಗದ ಆರಂಭದ ಮಡಕೆಗಳಲ್ಲಿ ಅವರಿಗೆ ಒಂದು ಬಗೆಯ ಮೇಣ ಕಂಡಿತು. ಅದು ಕೋಸಿನ ಜಾತಿಯ ಎಲೆಗಳ ಮೇಲೆ ಬಿಳಿಚಾಗಿ ಕಾಣುವ, ನೀರು ಬಿದ್ದರೆ ಮುತ್ತಾಗಿ ಉರುಳಿಸುವ ಮೇಣ. ಅಂದರೆ ಸಾವಿರ ವರ್ಷಗಳ ಹಿಂದೆ ಆ ಮಡಕೆಯಲ್ಲಿ ಯಾರೋ ಕೋಸಿನ ಸೊಪ್ಪು ಬೇಯಿಸಿದ್ದರು. ಬೇಯಿಸಿದ ಸೊಪ್ಪಿನ ಕುರುಹು ಬೇರೆ ಯಾವ ದಾರಿಯಿಂದಲೂ ಸಿಗುವಂತಿರಲಿಲ್ಲ. ಇನ್ನೊಂದು ಸಂಗತಿಯೂ ಆ ಕಾಲದಲ್ಲೇ ತಿಳಿಯಿತು. ಕುದಿಯುವಾಗ ಜಿಡ್ಡು ಮೇಲೆ ತೇಲುವುದರಿಂದ ಮಡಕೆಯ ಬುಡಕ್ಕಿಂತ ಬಾಯಂಚಿನ ಬಳಿ ಅದು ಹೆಚ್ಚು ಇಳಿದಿರುತ್ತದೆ. ಸಾರು ಕುದಿಸಿ ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಹಾಲೋ, ಮಾಂಸವೋ?

ಆದರೆ ಒಂದು ತೊಡಕಿತ್ತು. ಹಳೆಯ ಕೊಬ್ಬು ಒಡೆದಾಗ ಉಳಿಯುವುದು ಮುಖ್ಯವಾಗಿ ಪಾಮಿಟಿಕ್ ಮತ್ತು ಸ್ಟಿಯರಿಕ್ ಎಂಬ ಎರಡು ಆಮ್ಲಗಳು. ಅವು ಹಾಲಿನಲ್ಲೂ ಇವೆ, ಮಾಂಸದಲ್ಲೂ ಇವೆ. ಹಾಗಾದರೆ ಮಡಕೆಯಲ್ಲಿದ್ದದ್ದು ಪಾಯಸವೋ, ಮಾಂಸದ ಸಾರೋ?

ಇದಕ್ಕೆ ದಾರಿ ಸಿಕ್ಕಿದ್ದು 1998ರಲ್ಲಿ. ಇಂಗಾಲದ ಪರಮಾಣುಗಳಲ್ಲಿ ಹೆಚ್ಚಿನವು 12ರ ತೂಕದವು; ನೂರಕ್ಕೆ ಸುಮಾರು ಒಂದು ಮಾತ್ರ 13ರ ತೂಕದ್ದು. ಮೆಲುಕು ಹಾಕುವ ಪ್ರಾಣಿಯ ಕೆಚ್ಚಲು ಪಾಮಿಟಿಕ್ ಆಮ್ಲವನ್ನು ತಾನೇ ತಯಾರಿಸಬಲ್ಲದು. ಸ್ಟಿಯರಿಕ್ ಆಮ್ಲವನ್ನು ತಯಾರಿಸಲಾರದು. ಅದನ್ನು ಮೇವಿನ ಕೊಬ್ಬಿನಿಂದ, ರಕ್ತದ ಮೂಲಕ ಪಡೆಯುತ್ತದೆ. ಮೇವಿನ ಕೊಬ್ಬಿನಲ್ಲಿ ಭಾರದ ಇಂಗಾಲ ತುಸು ಕಡಿಮೆ. ಹೀಗಾಗಿ ಹಾಲಿನ ಸ್ಟಿಯರಿಕ್ ಆಮ್ಲದಲ್ಲಿ ಭಾರದ ಇಂಗಾಲದ ಪ್ರಮಾಣ ಅದೇ ಪ್ರಾಣಿಯ ಮಾಂಸದ ಕೊಬ್ಬಿನಲ್ಲಿ ಇರುವುದಕ್ಕಿಂತ ಸಾವಿರಕ್ಕೆ ಒಂದೆರಡು ಭಾಗದಷ್ಟು ಕೆಳಗಿರುತ್ತದೆ. ಈ ಅಂತರ ಅತಿ ಸಣ್ಣದು, ಆದರೆ ಅಳೆಯಬಹುದಾದದ್ದು. ಸ್ಟೆಫನಿ ಡಡ್ ಮತ್ತು ಎವರ್‌ಷೆಡ್ ಇದನ್ನು ತೋರಿಸಿಕೊಟ್ಟ ಮೇಲೆ ಹಾಲಿನ ಮಡಕೆ ಬೇರೆ, ಮಾಂಸದ ಮಡಕೆ ಬೇರೆ ಎಂದು ಗುರುತಿಸುವುದು ಸಾಧ್ಯವಾಯಿತು.

ಅದರ ಫಲ ದೊಡ್ಡದು. 2008ರಲ್ಲಿ ಪಶ್ಚಿಮ ಏಷ್ಯಾ ಮತ್ತು ಆಗ್ನೇಯ ಯೂರೋಪಿನ 2200ಕ್ಕೂ ಹೆಚ್ಚು ಮಡಕೆಗಳ ಪರೀಕ್ಷೆಯಿಂದ ಕ್ರಿ.ಪೂ. ಏಳನೆಯ ಸಹಸ್ರಮಾನದಲ್ಲೇ, ಅದರಲ್ಲೂ ಇಂದಿನ ಟರ್ಕಿಯ ವಾಯವ್ಯ ಭಾಗದಲ್ಲಿ, ಜನ ಹಾಲನ್ನು ಮಡಕೆಯಲ್ಲಿಟ್ಟು ಬಳಸುತ್ತಿದ್ದರೆಂದು ತಿಳಿಯಿತು. ಪೋಲೆಂಡಿನಲ್ಲಿ ಸಿಕ್ಕ ಸುಮಾರು ಏಳು ಸಾವಿರ ವರ್ಷ ಹಳೆಯ ತೂತು ತೂತಿನ ಮಡಕೆಗಳ ಕತೆ ಇನ್ನೂ ಸ್ವಾರಸ್ಯದ್ದು. ಅವು ಗಿಣ್ಣನ್ನು, ಅಂದರೆ ಚೀಸನ್ನು, ಸೋಸುವ ಜರಡಿಗಳಿರಬೇಕೆಂದು ಪೀಟರ್ ಬೊಗುಕಿ ಎಂಬ ವಿದ್ವಾಂಸರು 1980ರ ದಶಕದಲ್ಲೇ ಊಹಿಸಿದ್ದರು. ಆಗ ಅದು ಊಹೆ ಮಾತ್ರ. 2013ರಲ್ಲಿ ಆ ಚೂರುಗಳನ್ನು ಪರೀಕ್ಷಿಸಿದಾಗ ಹಾಲಿನ ಜಿಡ್ಡೇ ಸಿಕ್ಕಿತು. ಆ ಕಾಲದ ಯೂರೋಪಿನ ವಯಸ್ಕರಲ್ಲಿ ಹೆಚ್ಚಿನವರಿಗೆ ಹಸಿಹಾಲು ಅರಗುತ್ತಿರಲಿಲ್ಲವೆಂದು ತಳಿವಿಜ್ಞಾನ ಹೇಳುತ್ತದೆ. ಹಾಲನ್ನು ಒಡೆಸಿ ನೀರು ಬಸಿದರೆ ಅರಗದ ಸಕ್ಕರೆಯ ಬಹುಪಾಲು ನೀರಿನೊಡನೆ ಹೋಗುತ್ತದೆ. ಹೊಟ್ಟೆಗೆ ಒಗ್ಗದ್ದನ್ನು ಒಗ್ಗಿಸಿಕೊಳ್ಳುವ ಉಪಾಯವನ್ನು ಜನ ಆಗಲೇ ಕಂಡುಕೊಂಡಿದ್ದರು.

ನಮ್ಮಲ್ಲಿ ಹಸುಗೂಸಿಗೆ ಹಾಲು ಕುಡಿಸಲು ಒಳಲೆ ಇತ್ತಲ್ಲವೇ? ಜರ್ಮನಿಯ ಬವೇರಿಯದಲ್ಲಿ ಸುಮಾರು ಮೂರು ಸಾವಿರ ವರ್ಷಗಳ ಹಿಂದಿನ ಮಕ್ಕಳ ಸಮಾಧಿಗಳಲ್ಲಿ ಅಂಥದೇ ಪುಟ್ಟ ಮೂತಿಯ ಮಣ್ಣಿನ ಕುಡಿಕೆಗಳು ಸಿಕ್ಕಿವೆ. ಅವು ರೋಗಿಗಳಿಗೋ, ಮಕ್ಕಳಿಗೋ ಎಂಬ ಚರ್ಚೆ ಬಹಳ ದಿನ ನಡೆದಿತ್ತು. 2019ರಲ್ಲಿ ಜೂಲಿ ಡನ್ ಮತ್ತು ಸಂಗಡಿಗರು ಅಂಥ ಮೂರು ಕುಡಿಕೆಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಹಾಲಿನ ಜಿಡ್ಡನ್ನು ಕಂಡರು. ದನ, ಕುರಿ, ಆಡುಗಳಂಥ ಮೆಲುಕು ಹಾಕುವ ಪ್ರಾಣಿಗಳ ಹಾಲು ಅದರಲ್ಲಿತ್ತು. ಕೂಸು ಉಳಿಯಲಿಲ್ಲ, ಅದು ಹಾಲು ಕುಡಿದ ಕುಡಿಕೆಯನ್ನು ಮನೆಯವರು ಅದರ ಪಕ್ಕದಲ್ಲೇ ಇಟ್ಟು ಮಣ್ಣು ಮುಚ್ಚಿದ್ದರು.

ಸತ್ತವರ ಎಡೆ

ಮಡಕೆ ಅಡುಗೆಮನೆಯ ವಸ್ತು ಮಾತ್ರವಲ್ಲ. ಮದುವೆಗೆ ಐರಣಿ ತರಬೇಕು, ಪೂಜೆಗೆ ಕಲಶ ಬೇಕು, ಚಿತೆಯ ಸುತ್ತ ಸುತ್ತಿ ಒಡೆಯಲು ನೀರಿನ ಮಡಕೆ ಬೇಕು. ಬೇರೆ ನಾಡುಗಳಲ್ಲೂ ಹೀಗೆಯೇ. ಸಮಾಧಿಗಳಲ್ಲಿ ಮಡಕೆ ಮುಚ್ಚಿದ ಸ್ಥಿತಿಯಲ್ಲೇ ಉಳಿಯುವುದರಿಂದ ಆಚರಣೆಗಳ ಬಗ್ಗೆ ಅವು ಸ್ಪಷ್ಟವಾಗಿ ಮಾತನಾಡುತ್ತವೆ.

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ರಿಯೊ ಅಜುಲ್ ಎಂಬಲ್ಲಿ 1984ರಲ್ಲಿ ಮಾಯಾ ಜನರ ಐದನೆಯ ಶತಮಾನದ ಸಮಾಧಿಯೊಂದನ್ನು ತೆರೆದರು. ಅದರಲ್ಲಿ ತಿರುಗಿಸಿ ಬಿಗಿಯುವ ಮುಚ್ಚಳದ ಒಂದು ಅಪರೂಪದ ಜಾಡಿ ಇತ್ತು. ಅದರ ಮೇಲಿನ ಚಿತ್ರಲಿಪಿಯಲ್ಲಿ ಕಕಾವ್, ಅಂದರೆ ಕೋಕೋ, ಎಂಬ ಪದವಿದೆಯೆಂದು ಡೇವಿಡ್ ಸ್ಟುವರ್ಟ್ ಓದಿದರು. ಜಾಡಿಯ ಒಳಗಿನಿಂದ ಕೆರೆದ ಪುಡಿಯನ್ನು ಚಾಕೊಲೇಟ್ ತಯಾರಿಸುವ ಹರ್ಷೀ ಕಂಪನಿಯ ಪ್ರಯೋಗಾಲಯದಲ್ಲಿ ಜೆಫ್ರಿ ಹರ್ಸ್ಟ್ ಪರೀಕ್ಷಿಸಿದರು. ಕೋಕೋದಲ್ಲಿ ಇರುವ ಥಿಯೊಬ್ರೊಮಿನ್ ಮತ್ತು ಕೆಫೀನ್ ಎರಡೂ ಅದರಲ್ಲಿದ್ದವು. ಸತ್ತ ದೊಡ್ಡ ಮನುಷ್ಯನ ಜೊತೆ ಕೋಕೋ ಪಾನೀಯವನ್ನೂ ಕಳಿಸಿದ್ದರು. ಲಿಪಿ ಹೇಳಿದ್ದನ್ನೇ ಜಾಡಿಯೂ ಹೇಳಿತು.

ಈಜಿಪ್ಟಿನಲ್ಲಿ ಹಾಗಾಗಲಿಲ್ಲ. ಸಕ್ಕಾರದಲ್ಲಿ 2016ರಲ್ಲಿ ರಮದಾನ್ ಹುಸೇನ್ ಅವರ ತಂಡ ಶವಗಳಿಗೆ ಲೇಪ ಹಚ್ಚಿ ಕಾಪಿಡುವ ಕಾರ್ಯಾಗಾರವೊಂದನ್ನು ಕಂಡುಹಿಡಿಯಿತು. ಅದು ಕ್ರಿ.ಪೂ. ಏಳು ಮತ್ತು ಆರನೆಯ ಶತಮಾನದ ಕಾಲದ್ದು. ಅಲ್ಲಿನ ಪಾತ್ರೆಗಳ ಮೇಲೆ ಒಳಗಿನ ವಸ್ತುವಿನ ಹೆಸರು, ಬಳಸುವ ಕ್ರಮ ಬರೆದಿತ್ತು. 31 ಪಾತ್ರೆಗಳನ್ನು ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅಂಟಿಯು ಎಂಬ ಪದವನ್ನು ವಿದ್ವಾಂಸರು ಬಹುಕಾಲದಿಂದ ಮಿರ್ ಎಂಬ ಸುಗಂಧದ ಅಂಟು ಎಂದೇ ಅನುವಾದಿಸುತ್ತಿದ್ದರು. ಆದರೆ ಆ ಹೆಸರು ಹೊತ್ತ ಪಾತ್ರೆಯಲ್ಲಿದ್ದದ್ದು ದೇವದಾರಿನ ಜಾತಿಯ ಎಣ್ಣೆ, ಜೂನಿಪರ್ ಅಥವಾ ಸೈಪ್ರೆಸ್ ಎಣ್ಣೆ, ಪ್ರಾಣಿಯ ಕೊಬ್ಬು ಕಲಸಿದ ಲೇಪ! ಕೆಲವು ಪಾತ್ರೆಗಳಲ್ಲಿ ಡಮ್ಮಾರ್ ಎಂಬ ರಾಳ ಸಿಕ್ಕಿತು. ಅದು ಈಜಿಪ್ಟಿನ ಸುತ್ತಮುತ್ತ ಬೆಳೆಯುವ ಮರದ್ದಲ್ಲ. ಆಗ್ನೇಯ ಏಷ್ಯಾದ ಮಳೆಕಾಡುಗಳ ಕಡೆಯಿಂದ ಬಂದದ್ದಿರಬೇಕೆಂದು ಸಂಶೋಧಕರ ಅಭಿಪ್ರಾಯ. ನಮ್ಮ ಪಶ್ಚಿಮಘಟ್ಟದ ಸಾಲುಧೂಪ ಇದೇ ಕುಟುಂಬಕ್ಕೆ ಸೇರಿದ ಮರ ಎಂದರೆ ಆ ರಾಳ ಎಂಥದೆಂದು ಓದುಗರು ಊಹಿಸಬಹುದು. ಸಮುದ್ರಗಳ ಆಚೆಯ ಕಾಡಿನ ಧೂಪ ಈಜಿಪ್ಟಿನ ಶವದ ಮೇಲೆ ಲೇಪವಾಗಿತ್ತು.

ಟರ್ಕಿಯ ಗೋರ್ಡಿಯನ್‌ನಲ್ಲಿ ಮಿಡಾಸ್ ರಾಜನ ಹೆಸರಿನೊಡನೆ ತಳುಕು ಹಾಕಿಕೊಂಡ ದೊಡ್ಡ ದಿಬ್ಬದ ಸಮಾಧಿಯನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 1957ರಲ್ಲಿ ಅಗೆದಿದ್ದರು. ಅದು ಕ್ರಿ.ಪೂ. 740ರ ಸುಮಾರಿನದು. ಅಲ್ಲಿನ ಕಂಚಿನ ಪಾತ್ರೆಗಳಲ್ಲಿ, ಮಣ್ಣಿನ ಜಾಡಿಗಳಲ್ಲಿ ಉಳಿದಿದ್ದ ಒಣಗಿದ ತಳವನ್ನು ಬಿಸಾಡದೆ ತೆಗೆದಿಟ್ಟಿದ್ದರು. ನಾಲ್ಕು ದಶಕಗಳ ಅನಂತರ ಪ್ಯಾಟ್ರಿಕ್ ಮೆಕ್‌ಗವರ್ನ್ ಅದನ್ನು ಪರೀಕ್ಷಿಸಿದರು. ದ್ರಾಕ್ಷಿಯ ಮದ್ಯ, ಬಾರ್ಲಿಯ ಬಿಯರು, ಜೇನಿನ ಹೆಂಡ ಮೂರನ್ನೂ ಬೆರೆಸಿದ ಪಾನೀಯ. ಸುಟ್ಟ ಕುರಿ ಅಥವಾ ಆಡಿನ ಮಾಂಸಕ್ಕೆ ಬೇಳೆ, ಮಸಾಲೆ ಹಾಕಿ ಬೇಯಿಸಿದ ಅಡುಗೆ. ತಿಥಿಯೂಟದ ಪೂರ್ತಿ ಪಟ್ಟಿ 1999ರಲ್ಲಿ ಹೀಗೆ ಪ್ರಕಟವಾಯಿತು. 1957ರಲ್ಲಿ ಆ ತಳವನ್ನು ತೆಗೆದಿಟ್ಟವರಿಗೆ ಮುಂದೆ ಇದರಿಂದ ಏನು ತಿಳಿದೀತೆಂದು ಗೊತ್ತಿರಲು ಸಾಧ್ಯವಿರಲಿಲ್ಲ. ಆದರೂ ಇಟ್ಟರು.

ಸಿಂಧೂ ಬಯಲಿನ ಒಲೆಗಳು

ನಮ್ಮ ದೇಶದ ಮಡಕೆಗಳೂ ಮಾತನಾಡಲು ಆರಂಭಿಸಿವೆ. ಗುಜರಾತಿನ ಕಚ್ಛ್ ಪ್ರದೇಶದ ಕೋಟಡಾ ಭಡ್ಲಿ ಎಂಬ ಹರಪ್ಪ ಕಾಲದ ಸಣ್ಣ ಹಳ್ಳಿಯ 59 ಚೂರುಗಳನ್ನು ಕಲ್ಯಾಣ್ ಶೇಖರ್ ಚಕ್ರವರ್ತಿ ಮತ್ತು ಸಂಗಡಿಗರು ಪರೀಕ್ಷಿಸಿ 2020ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ 21ರಲ್ಲಿ ಹಾಲಿನ ಜಿಡ್ಡು ಇತ್ತು. ಕ್ರಿ.ಪೂ. 2500ರ ಸುಮಾರಿಗೆ ಅಲ್ಲಿ ಹೈನು ಇತ್ತೆಂಬುದಕ್ಕೆ ಇದು ನೇರ ಪುರಾವೆ. ಪ್ರಾಣಿಗಳ ಹಲ್ಲುಗಳ ಪರೀಕ್ಷೆಯನ್ನೂ ಸೇರಿಸಿ ನೋಡಿದಾಗ ಆ ಹಾಲು ಕುರಿ ಆಡುಗಳದ್ದಕ್ಕಿಂತ ದನ ಎಮ್ಮೆಗಳದ್ದೇ ಇರಬೇಕೆಂದು ಅವರು ತೀರ್ಮಾನಿಸಿದರು.

ಅದೇ ವರ್ಷದ ಕೊನೆಯಲ್ಲಿ ಅಕ್ಷ್ಯೇತಾ ಸೂರ್ಯನಾರಾಯಣ್ ಅವರ ಅಧ್ಯಯನ ಹೊರಬಂತು. ಹರಿಯಾಣದ ರಾಖೀಗಢಿ, ಫರ್ಮಾನಾ, ಮಸೂದ್‌ಪುರ ಮೊದಲಾದ ಕಡೆಗಳ ಮತ್ತು ಉತ್ತರ ಪ್ರದೇಶದ ಆಲಂಗೀರ್‌ಪುರದ 172 ಚೂರುಗಳನ್ನು ಅವರು ಪರೀಕ್ಷಿಸಿದ್ದರು. ಇಲ್ಲಿ ಹಾಲಿನ ಗುರುತು ಕಡಿಮೆ. ಪ್ರಾಣಿಗಳ ಕೊಬ್ಬಿನ ಗುರುತು ಹೆಚ್ಚು. ಅದರಲ್ಲೂ ಮೆಲುಕು ಹಾಕದ ಪ್ರಾಣಿಗಳ ಕೊಬ್ಬನ್ನು, ಹಂದಿಯ ಕೊಬ್ಬಿನಂಥದನ್ನು, ಹೋಲುವ ಫಲಿತಾಂಶ ಹೆಚ್ಚು. ಆದರೆ ಅಲ್ಲಿ ಸಿಕ್ಕ ಎಲುಬುಗಳಲ್ಲಿ ಅರ್ಧಕ್ಕೂ ಹೆಚ್ಚು ದನ ಎಮ್ಮೆಗಳವು. ಹಂದಿಯದು ನೂರಕ್ಕೆ ಎರಡು ಮೂರು ಮಾತ್ರ. ಎಲುಬು ಒಂದು ಹೇಳಿದರೆ ಮಡಕೆ ಇನ್ನೊಂದು ಹೇಳಿದಂತಾಯಿತು. ಮಾಂಸವನ್ನೂ ಧಾನ್ಯ ತರಕಾರಿಗಳನ್ನೂ ಒಂದೇ ಮಡಕೆಯಲ್ಲಿ ಬೇಯಿಸಿದಾಗ ಎರಡರ ಜಿಡ್ಡು ಬೆರೆತು ಇಂಥ ಫಲಿತಾಂಶ ಬರುವ ಸಾಧ್ಯತೆಯನ್ನು ಸಂಶೋಧಕರೇ ಎತ್ತಿ ಹೇಳಿದ್ದಾರೆ. ಆದರೆ ತಲೆಬರಹಗಳಲ್ಲಿ ಎದ್ದು ಕಂಡದ್ದು ಮಾಂಸ ಎಂಬ ಒಂದೇ ಪದ.

ಇದೇ ಫರ್ಮಾನಾದ ಮಡಕೆಗಳು ಮತ್ತು ಮನುಷ್ಯರ ಹಲ್ಲುಗಳಿಂದ ಪಿಷ್ಟದ ಕಣಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಅರುಣಿಮಾ ಕಶ್ಯಪ್ ಮತ್ತು ಸ್ಟೀವ್ ವೆಬರ್ 2010ರಲ್ಲಿ ಶುಂಠಿ, ಅರಿಸಿನಗಳ ಕುರುಹು ಸಿಕ್ಕಿತೆಂದು ವರದಿ ಮಾಡಿದ್ದರು. ಅಂದರೆ ಜಿಡ್ಡು ನೋಡಿದವರಿಗೆ ಮಾಂಸ ಕಂಡಿತು, ಪಿಷ್ಟ ನೋಡಿದವರಿಗೆ ಮಸಾಲೆ ಕಂಡಿತು. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಮಡಕೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಸಿಂಧೂ ಜನ ಏನು ತಿನ್ನುತ್ತಿದ್ದರು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಈಗ ಎರಡು ಕಡೆಯವರೂ ತಮಗೆ ಬೇಕಾದ ಉತ್ತರವನ್ನು ಕೈಯಲ್ಲಿ ಹಿಡಿದೇ ಕೇಳುತ್ತಾರೆ. ಕಚ್ಛಿನ ಹಳ್ಳಿಯದು ಹಾಲಿನ ಉತ್ತರ, ಹರಿಯಾಣದ ಮಡಕೆಗಳದು ಮಾಂಸದ ಉತ್ತರ. ಒಂದೇ ನಾಗರಿಕತೆ, ಬೇರೆ ಬೇರೆ ಊರು, ಬೇರೆ ಬೇರೆ ಒಲೆ. ಇಂದಿನ ಕರ್ನಾಟಕದ ಊಟವೇ ಕಾರವಾರದಲ್ಲಿ ಒಂದು, ಕಲಬುರಗಿಯಲ್ಲಿ ಒಂದು ಇರುವಾಗ, ಅಷ್ಟು ವಿಸ್ತಾರದ ನಾಡಿಗೆ ಒಂದೇ ಊಟವನ್ನು ಹೊಂದಿಸುವುದು ಹೇಗೆ?

ಬೂದಿದಿಬ್ಬದ ದನಗಾಹಿಗಳು

ರಸಾಯನಶಾಸ್ತ್ರ ಹಳೆಯ ಕತೆಯೊಂದನ್ನು ತಿದ್ದಿದ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಅಲ್ಲಲ್ಲಿ ದೊಡ್ಡ ಬೂದಿಯ ದಿಬ್ಬಗಳಿವೆ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗವೆಂದು ಜನ ತೋರಿಸುತ್ತಾರೆ. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ರೇಮಂಡ್ ಆಲ್ಚಿನ್ ನಡೆಸಿದ ಅಗೆತ, 1960ರಲ್ಲಿ ಪ್ರಕಟವಾದ ಫ್ರೆಡರಿಕ್ ಜಾಯ್ನರ್ ಅವರ ಪರೀಕ್ಷೆಗಳಿಂದ ಈ ಬೂದಿ ಸಗಣಿಯದೆಂದು ತಿಳಿಯಿತು. ಅವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳು; ರಾಶಿ ಬಿದ್ದ ಸಗಣಿಗೆ ಅವರು ಮತ್ತೆ ಮತ್ತೆ ಬೆಂಕಿಯಿಟ್ಟಿದ್ದರು.

ಹೆಸರಿನಲ್ಲೇ ಬೂದಿಯನ್ನು ಇಟ್ಟುಕೊಂಡ ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಅಗೆದ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರಿಗೆ ಪ್ರಾಣಿಗಳನ್ನು ಕೊಯ್ದು ಹಸನು ಮಾಡುತ್ತಿದ್ದ ಕಲ್ಲಿನ ನೆಲವೇ ಸಿಕ್ಕಿತು. ಇನ್ನೊಂದೆಡೆ ಸಂಗನಕಲ್ಲು ಮುಂತಾದ ಕಡೆಗಳಲ್ಲಿ ಡೋರಿಯನ್ ಫುಲರ್ ಮತ್ತು ಸಂಗಡಿಗರು ಕರಿದ ಕಾಳುಗಳನ್ನು ನೀರಿನಲ್ಲಿ ತೇಲಿಸಿ ಆರಿಸಿದಾಗ ಹುರುಳಿ, ಹೆಸರು, ಕೊರಲೆಗಳು ದೊರೆತವು. ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಊಟದಲ್ಲಿ ಹುರುಳಿ ಇತ್ತೆಂದರೆ ನಮಗೆ ಅಪರಿಚಿತವೇನಲ್ಲ. ಎಲುಬು, ಕಾಳು, ಬೂದಿ ಮೂರೂ ಸಾಕ್ಷಿ ಹೇಳಿಯಾಗಿದೆ. ಆ ದನಗಳ ಹಾಲು ಕರೆದು ಕಾಯಿಸುತ್ತಿದ್ದರೇ, ಹುರುಳಿಯನ್ನು ಮಾಂಸದ ಜೊತೆ ಬೇಯಿಸುತ್ತಿದ್ದರೇ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲದ್ದು ಅದೇ ದಿಬ್ಬಗಳ ಬೂದುಬಣ್ಣದ ಒರಟು ಮಡಕೆಗಳು.

ಮಡಕೆ ಹೇಳದ ಮಾತು

ಹಾಗೆಂದು ಮಡಕೆಯ ಮಾತನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಮೊದಲನೆಯದಾಗಿ, ಒಂದು ಚೂರಿನಲ್ಲಿರುವುದು ಒಂದು ದಿನದ ಅಡುಗೆಯಲ್ಲ; ಹಲವು ಅಡುಗೆಗಳ ಬೆರಕೆ. ಎರಡನೆಯದಾಗಿ, ಕೊಬ್ಬು ಹೆಚ್ಚಿರುವ ಪದಾರ್ಥದ ದನಿ ಜೋರು, ಕಡಿಮೆ ಇರುವುದರ ದನಿ ಮೆತ್ತಗೆ. ವಾರಕ್ಕೊಮ್ಮೆ ಬೇಯಿಸಿದ ಮಾಂಸ ದಿನವೂ ಬೇಯಿಸಿದ ಗಂಜಿಯನ್ನು ಮರೆಮಾಡಬಲ್ಲದು. ಮೂರನೆಯದಾಗಿ, ನಮ್ಮಂಥ ಬಿಸಿ ನಾಡುಗಳಲ್ಲಿ ಜಿಡ್ಡು ಉಳಿಯುವುದು ತಂಪು ನಾಡುಗಳಲ್ಲಿ ಉಳಿಯುವಷ್ಟಿಲ್ಲ.

ಇನ್ನೊಂದು ಎಚ್ಚರಿಕೆ ನಮಗೆ ಹೆಚ್ಚು ಹತ್ತಿರದ್ದು. ಇರಾನಿನ ಹಾಜಿ ಫಿರೂಜ್ ತೆಪೆಯಲ್ಲಿ ಸಿಕ್ಕ ಏಳು ಸಾವಿರ ವರ್ಷ ಹಳೆಯ ಜಾಡಿಗಳಲ್ಲಿ ಟಾರ್ಟಾರಿಕ್ ಆಮ್ಲವಿತ್ತು. ಆ ಪ್ರದೇಶದಲ್ಲಿ ಈ ಆಮ್ಲ ಹೇರಳವಾಗಿರುವುದು ದ್ರಾಕ್ಷಿಯಲ್ಲಿ. ಆದ್ದರಿಂದ ಅದು ದ್ರಾಕ್ಷಿಯ ಮದ್ಯವೆಂದು 1996ರಲ್ಲಿ ಮೆಕ್‌ಗವರ್ನ್ ತಂಡ ಹೇಳಿತು. ಅದೇ ಆಮ್ಲ ನಮ್ಮ ನಾಡಿನ ಮಡಕೆಯಲ್ಲಿ ಸಿಕ್ಕಿದರೆ? ಹುಣಸೆಹಣ್ಣಿನ ಹುಳಿಯೂ ಟಾರ್ಟಾರಿಕ್ ಆಮ್ಲವೇ. ಅಲ್ಲಿ ಮದ್ಯವೆನಿಸಿದ್ದು ಇಲ್ಲಿ ಸಾರು ಇದ್ದೀತು! ಉಪಕರಣ ಆಮ್ಲದ ಹೆಸರನ್ನು ಹೇಳುತ್ತದೆ. ಅದರ ಅರ್ಥವನ್ನು ಹೇಳಬೇಕಾದವರು ಆ ನೆಲದ ಗಿಡಮರ, ಅಡುಗೆ, ಆಚರಣೆ ಬಲ್ಲವರು.

ತೊಳೆಯುವ ಮುನ್ನ

ಇಷ್ಟೆಲ್ಲ ಹೇಳಿದ ಮೇಲೆ ಒಂದು ವ್ಯಾವಹಾರಿಕ ಮಾತು ಉಳಿಯುತ್ತದೆ. ಅಗೆತದಲ್ಲಿ ಸಿಕ್ಕ ಚೂರುಗಳನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯುವುದು ಹಳೆಯ ವಾಡಿಕೆ. ಬಣ್ಣದ ಚಿತ್ತಾರವಿರುವುದು, ಕಂಠವಿರುವುದು ಸಂಗ್ರಹಕ್ಕೆ ಹೋಗುತ್ತದೆ. ಮಸಿ ಹಿಡಿದ ಸಾದಾ ಚೂರುಗಳನ್ನು ಎಣಿಸಿ ಒಂದು ಕಡೆ ಸುರಿಯುತ್ತಾರೆ. ಆದರೆ ಜಿಡ್ಡಿನ ಪರೀಕ್ಷೆಗೆ ಬೇಕಾದದ್ದು ಆ ಮಸಿ ಹಿಡಿದ ಚೂರೇ. ಅದನ್ನು ಬರಿಗೈಯಲ್ಲಿ ಮುಟ್ಟದೆ, ತೊಳೆಯದೆ, ಪ್ಲಾಸ್ಟಿಕ್ ಚೀಲದ ಬದಲು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಸಿಕ್ಕ ಜಾಗದ ಹಿಡಿ ಮಣ್ಣನ್ನೂ ಜೊತೆಗೆ ತೆಗೆದಿಡಬೇಕು; ಜಿಡ್ಡು ಮಡಕೆಯದೋ ಮಣ್ಣಿನದೋ ಎಂದು ಹೋಲಿಸಿ ನೋಡಲು ಆ ಮಣ್ಣು ಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ. ಪರೀಕ್ಷೆಗೆ ಹಣ ಇಂದು ಇಲ್ಲದಿದ್ದರೂ ನಾಳೆ ದೊರೆತೀತು. ಗೋರ್ಡಿಯನ್‌ನ ತಳದಂತೆ ಅದು ನಲವತ್ತು ವರ್ಷ ಕಾದರೂ ನಷ್ಟವಿಲ್ಲ. ತೊಳೆದುಬಿಟ್ಟರೆ ಮಾತ್ರ ಹೋದ ಅಂಶ ಹೋದಂತೆಯೇ.

ಹೊಲ ಉಳುವಾಗ ಮಡಕೆಯ ಚೂರು ಮೇಲೇಳುವ ಊರುಗಳು ನಮ್ಮಲ್ಲಿ ನೂರಾರಿವೆ. ಮಸ್ಕಿಯ ಸುತ್ತ, ಬ್ರಹ್ಮಗಿರಿಯ ಸುತ್ತ ನಡೆದಾಡಿದವರಿಗೆ ಅವು ಕಾಲಿಗೆ ತಾಕುತ್ತವೆ. ಹೂಜಿಯ ಅಂದದ ತುಂಡನ್ನು ಹೆಕ್ಕಿ ಮನೆಗೆ ತರುವವರಿದ್ದಾರೆ. ಅಂಥ ಜಾಗ ಮಟ್ಟಮಾಡಿ ಇಟ್ಟಿಗೆಗೆ ಮಣ್ಣು ತೆಗೆಯುವವರೂ ಇದ್ದಾರೆ. ಎರಡರಲ್ಲೂ ಚೂರು ತನ್ನ ನೆಲೆ ಕಳೆದುಕೊಳ್ಳುತ್ತದೆ. ನೆಲೆ ತಪ್ಪಿದ ಚೂರು ಯಾವ ಕಾಲದ್ದು, ಯಾವ ಮನೆಯದು ಎಂದು ಹೇಳಲಾರದು. ಅದರ ಜಿಡ್ಡಿನಲ್ಲಿ ಹಾಲು ಸಿಕ್ಕರೂ ಅದು ಯಾರ ಹಾಲೆಂದು ಗೊತ್ತಾಗದು. ಅಂಥ ಚೂರು ಕಂಡರೆ ಇದ್ದಲ್ಲೇ ಬಿಟ್ಟು, ಜಿಲ್ಲೆಯ ವಸ್ತುಸಂಗ್ರಹಾಲಯಕ್ಕೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಒಂದು ಮಾತು ತಿಳಿಸಿದರೆ ಸಾಕು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಮ್ಮಲ್ಲಿದೆ. ಮಡಕೆಯನ್ನು ಒಡೆಯಲು ನಿಮಿಷ ಸಾಕೆಂಬುದು ನಿಜ. ಆದರೆ ಒಡೆದ ಚೂರು ಅದರಲ್ಲಿ ಬೆಂದ ಅಡುಗೆಯ ನೆನಪನ್ನು ಸಾವಿರಾರು ವರ್ಷ ಇಟ್ಟುಕೊಳ್ಳುತ್ತದೆ. ಅಟ್ಟವರ ಹೆಸರು ನಮಗೆ ಎಂದೂ ತಿಳಿಯಲಾರದು. ಅವರು ಏನು ಅಟ್ಟರು, ತಮ್ಮ ಮಕ್ಕಳಿಗೆ ಏನು ಕುಡಿಸಿದರು, ಸತ್ತವರಿಗೆ ಏನು ಎಡೆಯಿಟ್ಟರು ಎಂಬುದನ್ನಾದರೂ ತಿಳಿಯಬಹುದು, ನಾವು ಆ ಚೂರನ್ನು ಅವಸರದಲ್ಲಿ ತೊಳೆಯದೆ ಇದ್ದರೆ.